ಮನೆಯೊಳಗೆ ಕಡಲು ತಂದ ಗಾಸ್: ಉಪ್ಪುನೀರಿನ ಅಕ್ವೇರಿಯಂ ಹವ್ಯಾಸ ಶುರುವಾದದ್ದು ಹೇಗೆ?

ಮೊಬೈಲ್‌ನಲ್ಲಿ ರೀಲ್ಸ್ ನೋಡುವವರಿಗೆ ಈ ದೃಶ್ಯ ಹೊಸದಲ್ಲ. ನೀಲಿ ಬೆಳಕಿನ ಗಾಜಿನ ತೊಟ್ಟಿ, ಒಳಗೆ ಮೆಲ್ಲಗೆ ತೂಗಾಡುವ ಹವಳ, ಕಿತ್ತಳೆ ಬಣ್ಣದ ಕ್ಲೌನ್ ಮೀನು. ಮಕ್ಕಳು ನಮ್ಮ ಮನೆಗೂ ಒಂದು ಬೇಕು ಎಂದು ಹಟ ಹಿಡಿಯುತ್ತಾರೆ. ನಲ್ಲಿ ನೀರಿಗೆ ಅಡುಗೆ ಉಪ್ಪು ಬೆರೆಸಿ, ಕಡಲ ತೀರದಿಂದ ನಾಲ್ಕು ಜೀವಿಗಳನ್ನು ತಂದು ಬಿಟ್ಟರೆ ಆಯಿತು ಎಂದು ದೊಡ್ಡವರೂ ಅಂದುಕೊಳ್ಳುವುದುಂಟು.

ಎರಡೂ ತಪ್ಪು ಕಲ್ಪನೆಗಳು. ಯಾಕೆ ತಪ್ಪು ಎಂದು ತಿಳಿಯಲು ನಾವು ಒಬ್ಬ ವ್ಯಕ್ತಿಯ ಬದುಕನ್ನು ನೋಡೋಣ. ಅವರ ಹೆಸರು ಫಿಲಿಪ್ ಹೆನ್ರಿ ಗಾಸ್.

ಗುಮಾಸ್ತನಿಂದ ಜೀವವಿಜ್ಞಾನಿ

ಗಾಸ್ ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ವುಸ್ಟರ್‌ನಲ್ಲಿ. ಬೆಳೆದದ್ದು ಪೂಲ್ ಎಂಬ ಬಂದರು ಊರಿನಲ್ಲಿ. ತಂದೆ ಊರೂರು ಸುತ್ತಿ ಪುಟ್ಟ ಭಾವಚಿತ್ರ ಬರೆಯುವ ಕಲಾವಿದ. ಮನೆಯಲ್ಲಿ ಹಣ ಇರಲಿಲ್ಲ, ಆದರೆ ಸೂಕ್ಷ್ಮವಾಗಿ ನೋಡಿ ಚಿತ್ರ ಬಿಡಿಸುವ ಕಲೆ ಮಗನಿಗೂ ಬಂತು.

1827ರಲ್ಲಿ, ಹದಿಹರೆಯದಲ್ಲೇ ಅವರು ಗುಮಾಸ್ತನಾಗಿ ದೂರದ ನ್ಯೂಫೌಂಡ್‌ಲ್ಯಾಂಡ್‌ಗೆ ಹೋದರು. ಬಿಡುವಿನಲ್ಲಿ ಕೀಟಗಳನ್ನು ಹುಡುಕಿ ಚಿತ್ರ ಬರೆದರು. ಮುಂದೆ ಕೆನಡಾದಲ್ಲಿ ಬೇಸಾಯ ಮಾಡಿದರು, ಕೈ ಹತ್ತಲಿಲ್ಲ. ಅಮೆರಿಕದ ಅಲಬಾಮಾದಲ್ಲಿ ಮೇಷ್ಟ್ರಾದರು. 1844ರಿಂದ 1846ರವರೆಗೆ ಜಮೈಕಾದಲ್ಲಿದ್ದು ಹಕ್ಕಿಗಳ ಬಗ್ಗೆ ಅಧ್ಯಯನ ನಡೆಸಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆಯೇ ಅವರು ವಿಜ್ಞಾನ ಲೇಖಕರಾದರು.

1848ರಲ್ಲಿ ಎಮಿಲಿ ಎಂಬುವರನ್ನು ಮದುವೆಯಾದರು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ. 1852ರಲ್ಲಿ ಗಾಸ್ ಆರೋಗ್ಯ ಕೆಟ್ಟಾಗ ಕುಟುಂಬ ಲಂಡನ್ ಬಿಟ್ಟು ಡೆವನ್ ಕರಾವಳಿಗೆ ಹೋಯಿತು. ಅಲ್ಲಿಂದಲೇ ನಮ್ಮ ಕಥೆ ಶುರು.

ಅಕ್ವೇರಿಯಂ ಕಂಡುಹಿಡಿದವರು ಗಾಸ್ ಅಲ್ಲ

ಅಕ್ವೇರಿಯಂ ಕಂಡುಹಿಡಿದವರು ಗಾಸ್ ಎಂಬ ಮಾತು ಕೇಳಿಬರುತ್ತದೆ. ಇದು ನಿಜವಲ್ಲ. 1830ರ ದಶಕದಲ್ಲೇ ಸಿಸಿಲಿಯಲ್ಲಿ ಝಾನ್ ವಿಲ್‌ಪ್ರೋ ಪವರ್ ಎಂಬ ಮಹಿಳೆ ಗಾಜಿನ ತೊಟ್ಟಿಯಲ್ಲಿ ಕಡಲ ಜೀವಿಗಳನ್ನಿಟ್ಟು ಅಧ್ಯಯನ ಮಾಡಿದ್ದರು. 1846ರಲ್ಲಿ ಆನಾ ಥಿನ್ ಎಂಬುವರು ಟಾರ್ಕಿ ತೀರದ ಹವಳಗಳನ್ನು ಲಂಡನ್‌ಗೆ ತಂದು ವರ್ಷಗಟ್ಟಲೆ ಬದುಕಿಸಿಕೊಂಡಿದ್ದರು. ನೀರಿಗೆ ಗಾಳಿ ಸೇರಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸಲಾಗುತ್ತಿತ್ತು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ, ತೊಟ್ಟಿಯಲ್ಲಿ ಸಸ್ಯಗಳಿದ್ದರೆ ಅವು ಕೊಡುವ ಆಮ್ಲಜನಕದಿಂದ ಪ್ರಾಣಿಗಳು ಬದುಕುತ್ತವೆ ಎಂದು ತೋರಿಸಿದ್ದರು.

ಗಾಸ್ ಮಾಡಿದ್ದು ಇದನ್ನೆಲ್ಲ ಸಾಮಾನ್ಯ ಕುಟುಂಬಗಳಿಗೆ ತಲುಪಿಸುವ ಕೆಲಸ. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗೆ ಅಕ್ವೇರಿಯಂ ತೆರೆದಾಗ ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಅವರೂ ಒಬ್ಬರು. 1854ರಲ್ಲಿ ದಿ ಅಕ್ವೇರಿಯಂ ಎಂಬ ಪುಸ್ತಕ ಬರೆದರು. ಅದರಲ್ಲಿ ಅವರೇ ಬರೆದ ಬಣ್ಣದ ಚಿತ್ರಗಳಿದ್ದವು. ಆ ಪದ ಜನರ ಬಾಯಲ್ಲಿ ನೆಲೆಯೂರಿದ್ದು ಈ ಪುಸ್ತಕದ ನಂತರ. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು, ರೈಲು ಕಡಲ ತೀರಕ್ಕೆ ಜನರನ್ನು ಕರೆತರುತ್ತಿತ್ತು. ಅಕ್ವೇರಿಯಂ ಮನೆಯವರೆಲ್ಲ ಸೇರಿ ಮಾಡುವ ಹವ್ಯಾಸವಾಯಿತು.

ಅಡುಗೆ ಉಪ್ಪು ಯಾಕೆ ಸಾಲದು?

ಕಡಲಿನಿಂದ ದೂರ ಇರುವವರು ಏನು ಮಾಡಬೇಕು? ಇದಕ್ಕೆ ಗಾಸ್ ಕೃತಕ ಸಮುದ್ರದ ನೀರಿನ ಸೂತ್ರ ಕೊಟ್ಟರು. ಅದರಲ್ಲಿ ಇದ್ದದ್ದು ಅಡುಗೆ ಉಪ್ಪು ಒಂದೇ ಅಲ್ಲ. ಎಪ್ಸಮ್ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಷಿಯಂ ಕ್ಲೋರೈಡ್ ಕೂಡ ಇದ್ದವು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಅವು ಹಲವು ಬಗೆಯವು. ಹವಳ ತನ್ನ ಗಟ್ಟಿ ಗೂಡನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಕಟ್ಟಿಕೊಳ್ಳುತ್ತದೆ. ಬರೀ ಅಡುಗೆ ಉಪ್ಪಿನ ನೀರಿನಲ್ಲಿ ಅದಕ್ಕೆ ಬೇಕಾದ್ದು ಸಿಗುವುದಿಲ್ಲ. ಹಾಗಾಗಿಯೇ ಇಂದು ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಉಪ್ಪಿನ ಮಿಶ್ರಣ ಬಳಸುತ್ತಾರೆ.

ಗಾಸ್ ಕಾಲಕ್ಕೆ ತಿಳಿಯದ ಸಂಗತಿಯೂ ಒಂದಿತ್ತು. ಜೀವಿಗಳ ತ್ಯಾಜ್ಯದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ನಂತರ ಅಷ್ಟು ಅಪಾಯವಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಬೆಳೆಯಲು ವಾರಗಳೇ ಬೇಕು. ಈ ಬ್ಯಾಕ್ಟೀರಿಯಾಗಳನ್ನು ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಬೇರ್ಪಡಿಸಿದ್ದು 1890ರಲ್ಲಿ. ಅಷ್ಟರಲ್ಲಿ ಗಾಸ್ ತೀರಿಕೊಂಡು ಎರಡು ವರ್ಷವಾಗಿತ್ತು.

ಬರಿದಾದ ತೀರ

1857 ಗಾಸ್ ಪಾಲಿಗೆ ಕಷ್ಟದ ವರ್ಷ. ಫೆಬ್ರವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಧರ್ಮಗ್ರಂಥದ ಸೃಷ್ಟಿ ಕಥೆಯನ್ನೂ ಭೂವಿಜ್ಞಾನವನ್ನೂ ಹೊಂದಿಸಲು ಅವರು ಬರೆದ ಪುಸ್ತಕವನ್ನು ಎರಡೂ ಕಡೆಯವರು ಒಪ್ಪಲಿಲ್ಲ. ಗಾಸ್ ಎಂಟು ವರ್ಷದ ಮಗನನ್ನು ಕರೆದುಕೊಂಡು ಡೆವನ್‌ನ ಸೇಂಟ್ ಮೇರಿಚರ್ಚ್‌ನಲ್ಲಿ ನೆಲೆಸಿದರು.

ಅಪ್ಪ ಮಗ ಇಬ್ಬರೂ ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ನೀರುಗುಂಡಿಗಳಿಗೆ ಹೋಗುತ್ತಿದ್ದರು. ಗಾಸ್ ಎದೆಮಟ್ಟದ ನೀರಿಗಿಳಿದು ಬಂಡೆಯ ಬಿರುಕುಗಳಲ್ಲಿ ಹುಡುಕುತ್ತಿದ್ದರು. ಸೀ ಅನಿಮೋನ್ ಎಂಬ ಹೂವಿನಂಥ ಪ್ರಾಣಿಗಳು ಮತ್ತು ಹವಳಗಳ ಬಗ್ಗೆ ಅವರ ದೊಡ್ಡ ಗ್ರಂಥ 1860ರಲ್ಲಿ ಪೂರ್ಣಗೊಂಡಿತು.

ಆದರೆ ಅವರ ಪುಸ್ತಕ ಓದಿದ ಜನ ಬುಟ್ಟಿ, ಉಳಿ ಹಿಡಿದು ಅದೇ ತೀರಗಳಿಗೆ ಬಂದಿದ್ದರು. ಸಿಕ್ಕ ಜೀವಿಗಳನ್ನೆಲ್ಲ ಕಿತ್ತು ಮನೆಗೆ ಒಯ್ದರು. ತೊಟ್ಟಿಯಲ್ಲಿ ಸತ್ತರೆ ಮತ್ತೆ ತಂದರು. ಮುಂದೆ ಪ್ರಸಿದ್ಧ ಲೇಖಕರಾದ ಎಡ್ಮಂಡ್ 1907ರ ತಮ್ಮ ಪುಸ್ತಕದಲ್ಲಿ, ಆ ಸುಂದರ ನೀರುಗುಂಡಿಗಳು ಹೀಗೆ ಬರಿದಾದವೆಂದೂ, ಇದಕ್ಕೆ ತಾನೇ ಕಾರಣನಾದೆನೆಂಬ ಕೊರಗು ತಂದೆಗಿತ್ತೆಂದೂ ನೆನೆದಿದ್ದಾರೆ. ಗಾಸ್ 1888ರಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ನಾವು ಏನು ಮಾಡಬೇಕು?

ಹವ್ಯಾಸ ಕೆಟ್ಟದ್ದಲ್ಲ. ಕಡಲಿನ ಬಗ್ಗೆ ಅಕ್ಕರೆ ಹುಟ್ಟಿಸುವ ಶಕ್ತಿ ಅದಕ್ಕಿದೆ. ಆದರೆ ಎಲ್ಲವನ್ನೂ ಕಡಲಿನಿಂದಲೇ ಕಿತ್ತು ತಂದರೆ ಏನಾಗುತ್ತದೆ ಎಂಬುದನ್ನು ಗಾಸ್ ಬದುಕು ತೋರಿಸುತ್ತದೆ.

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಈಜಲು ಹೋದಾಗ ಒಂದು ತುಂಡು ಹವಳ ಮುರಿದು ತರುವುದೂ ಅಪರಾಧವೇ.

ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡುವ ಆಸೆಯಿದ್ದರೆ ಮೀನಿನಿಂದ ಶುರು ಮಾಡಿ. ಕ್ಲೌನ್ ಮೀನನ್ನು ಮರಿಮಾಡಿಸಿ ಸಾಕುವುದು ಸಾಧ್ಯವಾಗಿದೆ. ಅಂಗಡಿಯವರನ್ನು ಕೇಳಿ, ಹಾಗೆ ಸಾಕಿದ ಮೀನನ್ನೇ ತನ್ನಿ. ಮೊದಲು ನೀರು ಸಿದ್ಧವಾಗಲಿ, ಅಮೋನಿಯಾ ಪರೀಕ್ಷೆ ಮಾಡಿ, ಆಮೇಲೆ ಮೀನು ಬಿಡಿ. ಆ ವಾರಗಳ ಕಾಯುವಿಕೆಯನ್ನು ಮಕ್ಕಳಿಗೂ ಕಲಿಸಿ. ಹವಳ ತೋರಿಸುವ ಚಂದದ ವಿಡಿಯೊ ಬಂದರೆ, ಫಾರ್ವರ್ಡ್ ಮಾಡುವಾಗ ಜೊತೆಗೆ ಈ ಮಾಹಿತಿಯನ್ನೂ ಕಳಿಸಿ.