ರಕ್ತದ ಗುಂಪುಗಳ ಗುಟ್ಟು ಬಿಡಿಸಿದ ಲ್ಯಾಂಡ್‌ಸ್ಟೈನರ್

ಪ್ರತಿವರ್ಷ ಜೂನ್ 14ರಂದು ವಿಶ್ವ ರಕ್ತದಾನಿಗಳ ದಿನ. ಅದು ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಜನ್ಮದಿನವೂ ಹೌದು. 1868ರಲ್ಲಿ ಆಸ್ಟ್ರಿಯಾದಲ್ಲಿ ಜನಿಸಿದ ಅವರು ಆರನೆಯ ವಯಸ್ಸಿನಲ್ಲೇ ಪತ್ರಕರ್ತರಾಗಿದ್ದ ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದರು. 1891ರಲ್ಲಿ ವಿಯೆನ್ನಾದಲ್ಲಿ ವೈದ್ಯಪದವಿ ಪಡೆದರೂ ಅವರ ಒಲವು ರಸಾಯನಶಾಸ್ತ್ರ ಹಾಗೂ ಪ್ರಯೋಗಾಲಯದ ಕಡೆಗಿತ್ತು.

ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ನೀಡುವುದು ಆ ಕಾಲದಲ್ಲಿ ಜೂಜಿಗೆ ಸಮಾನವಾಗಿತ್ತು. ಕೆಲವರು ಚೇತರಿಸಿಕೊಂಡರೆ ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ಸಹೋದ್ಯೋಗಿಗಳ ರಕ್ತವನ್ನೇ ತೆಗೆದು, ಕೆಂಪುಕಣ ಹಾಗೂ ಸೀರಂಗಳನ್ನು ಬೇರ್ಪಡಿಸಿ, ಒಬ್ಬರ ಕಣಕ್ಕೆ ಇನ್ನೊಬ್ಬರ ಸೀರಂ ಬೆರೆಸಿದರು. ಕೆಲವು ಮಿಶ್ರಣಗಳಲ್ಲಿ ಕಣಗಳು ಮುದ್ದೆಗಟ್ಟಿದವು. ಉಳಿದವುಗಳಲ್ಲಿ ಏನೂ ಆಗಲಿಲ್ಲ. 1901ರಲ್ಲಿ ಅವರು ಎ, ಬಿ, ಸಿ ಎಂಬ ಮೂರು ಗುಂಪುಗಳನ್ನು ಪ್ರಕಟಿಸಿದರು. ಸಿ ಮುಂದೆ ಒ ಎನಿಸಿತು. ನಾಲ್ಕನೆಯ ಎಬಿ ಗುಂಪು ಮರುವರ್ಷ ಅವರ ಜೊತೆಗಾರರಿಗೆ ದೊರೆಯಿತು. ಇಷ್ಟು ಸರಳವಾದ ಪರೀಕ್ಷೆ ಆಸ್ಪತ್ರೆಗಳಲ್ಲಿ ರೂಢಿಯಾಗಲು ವರ್ಷಗಳೇ ಹಿಡಿದವೆಂಬುದು ಸೋಜಿಗವೇ ಸರಿ.

ರೋಗ ಒಂದು ದೇಹದಿಂದ ಇನ್ನೊಂದಕ್ಕೆ ದಾಟುವ ಬಗೆಯೂ ಅವರನ್ನು ಕಾಡಿತ್ತು. 1908ರಲ್ಲಿ ಪೋಲಿಯೊದಿಂದ ಮೃತಪಟ್ಟ ಬಾಲಕನ ಬೆನ್ನುಹುರಿಯ ಅಂಶವನ್ನು ಕೋತಿಗಳಿಗೆ ಚುಚ್ಚಿ, ಅವುಗಳಿಗೂ ರೋಗ ತಗಲುವುದನ್ನು ತೋರಿಸಿದರು. ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕದಲ್ಲಿ ಆ ರೋಗಕಾರಕ ನುಸುಳಿಹೋಗುವುದೂ ಮರುವರ್ಷ ದೃಢಪಟ್ಟಿತು.

ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ಬದುಕು ದುಸ್ತರವಾಯಿತು. 1919ರಲ್ಲಿ ಹೇಗ್ ನಗರಕ್ಕೆ ತೆರಳಿದ ಈ ವಿಜ್ಞಾನಿ ಅಲ್ಲಿನ ಸಣ್ಣ ಆಸ್ಪತ್ರೆಯೊಂದರಲ್ಲಿ ರಕ್ತ, ಮೂತ್ರ ಪರೀಕ್ಷೆಗಳನ್ನೂ ಮಾಡಬೇಕಾಯಿತು. 1923ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಸೇರಿದರು. 1930ರಲ್ಲಿ ನೊಬೆಲ್ ಸಂದಿತು. 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆಗೂಡಿ ಆರ್‌ಎಚ್ ಅಂಶವನ್ನು ಬೆಳಕಿಗೆ ತಂದರು. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲೇ ಹೃದಯಾಘಾತಕ್ಕೊಳಗಾಗಿ ಎರಡು ದಿನಗಳ ನಂತರ ನಿಧನರಾದರು.

ಆದರೆ ಗುಂಪು ಹೊಂದಿದ ಮಾತ್ರಕ್ಕೆ ರಕ್ತ ನಿರಪಾಯಕಾರಿಯಲ್ಲ. ಹುಚ್ಚು ಹಸು ರೋಗಕ್ಕೆ ನಂಟಿರುವ ಮಾರಕ ಮಿದುಳುರೋಗ, ವೇರಿಯಂಟ್ ಸಿಜೆಡಿ, 1996ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಅದಕ್ಕೆ ಕಾರಣ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂಬ ಮಡಿಕೆ ತಪ್ಪಿದ ಪ್ರೋಟೀನು. ರೋಗಲಕ್ಷಣ ತೋರುವ ವರ್ಷಗಳ ಮೊದಲೇ ಅದು ದಾನಿಯ ರಕ್ತದಲ್ಲಿ ಅಡಗಿರಬಲ್ಲದು. ಲ್ಯಾಂಡ್‌ಸ್ಟೈನರ್ ಕಾಲಕ್ಕೆ ಇದು ಊಹೆಗೂ ನಿಲುಕದ ಸಂಗತಿ. ಪುರಾವೆಗಾಗಿ ಕಾಯದೆ ಬ್ರಿಟನ್ 1999ರಲ್ಲಿ ದಾನದ ರಕ್ತವನ್ನೆಲ್ಲ ಸೋಸಿ ಬಿಳಿಕಣಗಳನ್ನು ತೆಗೆಯತೊಡಗಿತು. ಆ ಎಚ್ಚರ ಅತಿಯಾದುದಲ್ಲವೆಂಬುದು 2003ರ ಡಿಸೆಂಬರಿನಲ್ಲಿ ತಿಳಿಯಿತು: 1996ರಲ್ಲಿ ರಕ್ತ ಪಡೆದಿದ್ದ ರೋಗಿಯೊಬ್ಬರು ಅದೇ ಕಾಯಿಲೆಯಿಂದ ಮೃತಪಟ್ಟಿದ್ದರು. 1980ರ ನಂತರ ರಕ್ತ ಪಡೆದವರು ರಕ್ತದಾನ ಮಾಡುವಂತಿಲ್ಲ ಎಂಬ ನಿಯಮ 2004ರಲ್ಲಿ ಜಾರಿಗೆ ಬಂತು. ಕೆಂಪುಕಣಗಳ ಮೂಲಕ ಪ್ರಿಯಾನ್ ದಾಟಿದ ಬೆರಳೆಣಿಕೆಯ ಪ್ರಕರಣಗಳೆಲ್ಲವೂ ಬಿಳಿಕಣ ಸೋಸದ ರಕ್ತಕ್ಕೆ ಸೇರಿದವು.