ವಿಷದ ಹಾದಿಯನ್ನು ಹುಡುಕಿದ ಕ್ಲಾಡ್ ಬರ್ನಾರ್ಡ್

ವಿಜ್ಞಾನಿಗಳ ಚರಿತ್ರೆಯನ್ನು ವಿಜ್ಞಾನದ ವಿದ್ಯಾರ್ಥಿಗಳೇ ಬರೆಯಬೇಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಇತಿಹಾಸ ಮತ್ತು ಸಾಹಿತ್ಯಗಳನ್ನು ಓದುತ್ತಿರುವ ನಾನು ಒಬ್ಬ ಶರೀರಶಾಸ್ತ್ರಜ್ಞನ ಜೀವನವನ್ನು ಬರೆಯಹೊರಟಿರುವುದಕ್ಕೆ ಕಾರಣವುಂಟು. ಈತನು ಮೊದಲು ನಾಟಕಕಾರನಾಗಬೇಕೆಂದು ಹಂಬಲಿಸಿದವನು. ದ್ರಾಕ್ಷಿತೋಟದಲ್ಲಿ ದುಡಿಯುತ್ತಿದ್ದವನ ಮಗ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನಾದ್ದರಿಂದ ಇಂಥವರ ಬಾಳು ನನ್ನ ಮನಸ್ಸನ್ನು ಬೇಗ ಸೆಳೆಯುತ್ತದೆ.

ಕ್ಲಾಡ್ ಬರ್ನಾರ್ಡ್ 1813ರ ಜುಲೈ 12ರಂದು ಫ್ರಾನ್ಸ್ ದೇಶದ ಸೇಂಟ್ ಜೂಲಿಯೆನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಬಡತನದ ದೆಸೆಯಿಂದ ಓದು ನಡುವೆಯೇ ನಿಂತಿತು. ಲಿಯೋನ್ ನಗರದ ಅಂಚಿನ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದನು. ಅಂಗಡಿಯಲ್ಲಿ ಕೆಟ್ಟು ಉಳಿದ ಮದ್ದುಗಳನ್ನೆಲ್ಲ ಕಲಸಿ, ಸರ್ವರೋಗನಿವಾರಕವೆಂದು ಹೆಸರಾಗಿದ್ದ ಒಂದು ಲೇಹ್ಯವನ್ನು ಮಾಡುತ್ತಿದ್ದರು. ಔಷಧವು ದೇಹದೊಳಗೆ ಹೋಗಿ ನಿಜವಾಗಿ ಏನು ಮಾಡುತ್ತದೆಂಬುದನ್ನು ಅಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ.

ಬಿಡುವಿನ ವೇಳೆಯಲ್ಲಿ ಅವನು ಬರೆದ ಒಂದು ಚಿಕ್ಕ ವಿನೋದನಾಟಕಕ್ಕೆ ಲಿಯೋನಿನಲ್ಲಿ ಸ್ವಲ್ಪ ಮೆಚ್ಚುಗೆ ದೊರೆಯಿತು. ಆ ಧೈರ್ಯದಿಂದ ಐದು ಅಂಕಗಳ ಮತ್ತೊಂದು ನಾಟಕವನ್ನು ಬರೆದುಕೊಂಡು 1834ರಲ್ಲಿ ಪ್ಯಾರಿಸ್ಸಿಗೆ ಹೋದನು. ಅಲ್ಲಿ ಜಿರಾರ್ಡಿನ್ ಎಂಬ ವಿಮರ್ಶಕನು ಹಸ್ತಪ್ರತಿಯನ್ನು ಓದಿ, ಹೊಟ್ಟೆಪಾಡಿಗೆ ವೈದ್ಯವನ್ನು ಕಲಿಯುವಂತೆ ಬುದ್ಧಿ ಹೇಳಿದನು. ಮನಸ್ಸು ಮುರಿದಿರಬಹುದು, ಆದರೂ ಯುವಕನು ಆ ಮಾತನ್ನು ತಳ್ಳಿಹಾಕಲಿಲ್ಲ. ವೈದ್ಯಶಾಲೆಯಲ್ಲಿ ಅವನು ಮೊದಲ ಸಾಲಿನ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಆದರೆ ಮಜಾಂಡಿ ಎಂಬ ಪ್ರಸಿದ್ಧ ಆಚಾರ್ಯನ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿದ ಮೇಲೆ ಅವನ ಕೈಚಳಕವೂ ಚಿಕಿತ್ಸಕ ಬುದ್ಧಿಯೂ ಪ್ರಕಟವಾದುವು. 1843ರಲ್ಲಿ ವೈದ್ಯಪದವಿ ಬಂದಿತು. 1845ರಲ್ಲಿ ವಿವಾಹವಾಯಿತು, ವಧುವಿನ ಕಡೆಯಿಂದ ಬಂದ ಹಣದಿಂದಲೇ ಅವನ ಸಂಶೋಧನೆ ಮುಂದುವರಿಯಿತೆನ್ನಬೇಕು.

ಯಕೃತ್ತು ಸಕ್ಕರೆಯನ್ನು ತಯಾರಿಸಿ ಕೂಡಿಡುತ್ತದೆಂಬ ಶೋಧವೂ, 1865ರಲ್ಲಿ ಪ್ರಕಟವಾದ ಪ್ರಾಯೋಗಿಕ ವೈದ್ಯದ ಪ್ರವೇಶಗ್ರಂಥವೂ ಅವನ ಹೆಸರನ್ನು ಶಾಶ್ವತಗೊಳಿಸಿವೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಅವನ ಕುರಾರೆಯ ಪ್ರಯೋಗಗಳು. ದಕ್ಷಿಣ ಅಮೆರಿಕದ ಬೇಡರು ಬಾಣದ ತುದಿಗೆ ಬಳಿಯುತ್ತಿದ್ದ ವಿಷವೇ ಈ ಕುರಾರೆ. ಅದು ರಕ್ತಕ್ಕೆ ಸೇರಿದರೆ ಪ್ರಾಣಿ ಸದ್ದಿಲ್ಲದೆ ಕುಸಿದು ಸಾಯುತ್ತದೆ. ಆದರೆ ಆ ಪ್ರಾಣಿಯ ಮಾಂಸವನ್ನು ತಿಂದ ಬೇಡನಿಗೆ ಏನೂ ಆಗುವುದಿಲ್ಲ.

ಬರ್ನಾರ್ಡ್ ಒಂದು ಕಪ್ಪೆಯ ಹಿಂಗಾಲಿಗೆ ರಕ್ತ ಹರಿಯದಂತೆ ದಾರ ಬಿಗಿದನು. ನರವನ್ನು ಮಾತ್ರ ಹಾಗೆಯೇ ಬಿಟ್ಟನು. ಬಳಿಕ ಬೆನ್ನಿನ ಚರ್ಮದಡಿ ಕುರಾರೆಯನ್ನು ಸೇರಿಸಿದನು. ದೇಹವೆಲ್ಲ ಜಡವಾಯಿತು. ಆದರೆ ಜಡವಾದ ಭಾಗವನ್ನು ಚಿವುಟಿದಾಗ ವಿಷ ತಲುಪದ ಆ ಕಾಲು ಮಿಡಿಯಿತು! ಅಂದರೆ ಸಂವೇದನೆ ಅಳಿದಿರಲಿಲ್ಲ, ಚಲನೆ ಮಾತ್ರ ನಿಂತಿತ್ತು. ವಿದ್ಯುತ್ತನ್ನು ನೇರವಾಗಿ ಹಾಯಿಸಿದರೆ ಸ್ನಾಯು ಸಂಕೋಚಿಸುತ್ತಿತ್ತು. ನರದ ಮೂಲಕ ಹಾಯಿಸಿದರೆ ಇಲ್ಲ. ವಿಷವು ಚಾಲಕ ನರವನ್ನು ಹಿಡಿಯುತ್ತದೆಂದು ಅವನು ತಿಳಿದನು. ನರವು ಸ್ನಾಯುವನ್ನು ಸೇರುವೆಡೆಯೇ ಅದರ ನೆಲೆಯೆಂಬುದನ್ನು ಮುಂದಿನವರು ಖಚಿತಪಡಿಸಿದರು.

ಕುರಾರೆ ಹೃದಯವನ್ನು ನೇರವಾಗಿ ಕೊಲ್ಲುವುದಿಲ್ಲ. ಉಸಿರಾಟದ ಸ್ನಾಯುಗಳು ಸೋತು ಪ್ರಾಣಿ ಉಸಿರುಕಟ್ಟಿ ಸಾಯುತ್ತದೆ. ಹಾಗಾದರೆ ತಿದಿಯಿಂದ ಗಾಳಿಯೂದಿ ಉಸಿರಾಟವನ್ನು ನಡೆಸಿದರೆ? 1814ರಲ್ಲಿ ಲಂಡನ್ನಿನಲ್ಲಿ ವಾಟರ್ಟನ್ ಮತ್ತು ಬ್ರಾಡಿ ಎಂಬವರು ಹೀಗೆಯೇ ಒಂದು ಕತ್ತೆಯನ್ನು ಉಳಿಸಿದ್ದರು; ಅದು 1839ರವರೆಗೆ ಬದುಕಿತು. ಬರ್ನಾರ್ಡ್ ಇದರ ಕಾರಣವನ್ನು ಹಿಡಿದನು. ಗಾಳಿಯೂದುತ್ತಿರುವಷ್ಟು ಕಾಲ ರಕ್ತ ಹರಿಯುತ್ತದೆ. ಮೂತ್ರಪಿಂಡಗಳು ತಮ್ಮ ಕೆಲಸವನ್ನು ನಡೆಸುತ್ತವೆ. ವಿಷವು ಸ್ವಲ್ಪ ಸ್ವಲ್ಪವಾಗಿ ಮೂತ್ರದಲ್ಲಿ ಹೊರಬೀಳುತ್ತದೆ. ಪ್ರಾಣಿ ಎದ್ದು ನಿಲ್ಲುತ್ತದೆ. ವಿಷ ಹೇಗೆ ಕೊಲ್ಲುತ್ತದೆಂಬುದಲ್ಲದೆ, ಅದು ಎಲ್ಲಿ ಹೋಗುತ್ತದೆಂದೂ ಕೇಳಿದ್ದರಿಂದ ಮರಣವೆಂದು ತೋರಿದ್ದು ಬರಿಯ ತಡೆಯಾಗಿ ಪರಿಣಮಿಸಿತು.

ಇದರ ಫಲ 1942ರ ಜನವರಿ 23ರಂದು ಕಂಡಿತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು ಅರಿವಳಿಕೆಯ ಜೊತೆಗೆ ಕುರಾರೆಯ ಶುದ್ಧೀಕರಿಸಿದ ಸಾರವನ್ನು ಕೊಟ್ಟು ರೋಗಿಯ ಹೊಟ್ಟೆಯ ಸ್ನಾಯುಗಳನ್ನು ಸಡಿಲಿಸಿದರು. ಇಂದು ಇಂಥ ಔಷಧಗಳು ಹಲವು.

ಕಳೆದ ವರ್ಷ ನನ್ನ ಅಕ್ಕನಿಗೆ ಆಪರೇಷನ್ ಆಗಬೇಕಾಗಿ ಬಂದಾಗ, ಮೂತ್ರಪಿಂಡದ ಕಾಯಿಲೆಯುಂಟೆ, ಮನೆತನದಲ್ಲಿ ಯಾರಿಗಾದರೂ ಆಪರೇಷನ್ನಿನ ಬಳಿಕ ಉಸಿರಾಟ ಮರಳುವುದು ತಡವಾಗಿತ್ತೆ ಎಂದು ವೈದ್ಯರು ವಿಚಾರಿಸಿದರು. ಹೊಟ್ಟೆಯ ಗಡ್ಡೆಗೂ ಮನೆತನಕ್ಕೂ ಏನು ಸಂಬಂಧವೆಂದು ಅಪ್ಪನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಈಗ ತಿಳಿಯುತ್ತದೆ. ಕುರಾರೆಯಿಂದ ತೆಗೆದ ಟ್ಯುಬೊಕ್ಯುರರೀನ್ ಬಹುಪಾಲು ಮೂತ್ರಪಿಂಡಗಳ ಮೂಲಕವೇ ಹೋಗಬೇಕಾಗಿತ್ತು. ಅವು ಕೆಟ್ಟಿದ್ದರೆ ಔಷಧ ದೇಹದಲ್ಲೇ ನಿಲ್ಲುತ್ತಿತ್ತು. ವೆಕ್ಯುರೋನಿಯಂ, ರೊಕ್ಯುರೋನಿಯಂಗಳು ಹೆಚ್ಚಾಗಿ ಯಕೃತ್ತನ್ನು ಸೇರಿ ಪಿತ್ತರಸದೊಡನೆ ಹೊರಡುತ್ತವೆ. ಸಕ್ಸಿನೈಲ್‌ಕೋಲೀನನ್ನು ರಕ್ತದಲ್ಲಿರುವ ಒಂದು ಕಿಣ್ವವು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆದರೆ ಕೆಲವು ಮನೆತನಗಳಲ್ಲಿ ಈ ಕಿಣ್ವ ಹುಟ್ಟಿನಿಂದಲೇ ದೋಷಯುಕ್ತ. ಅಂಥವರಿಗೆ ಗಂಟೆಗಟ್ಟಲೆ ಯಂತ್ರದಿಂದ ಉಸಿರು ಕೊಡಬೇಕಾಗುತ್ತದೆ. ಅಟ್ರಾಕ್ಯುರಿಯಂ ಹೆಚ್ಚಾಗಿ ಈ ಅವಯವಗಳನ್ನು ಕಾಯುವುದಿಲ್ಲ. ದೇಹದ ಶಾಖಕ್ಕೂ ರಕ್ತದ ಕ್ಷಾರಗುಣಕ್ಕೂ ತಾನೇ ಒಡೆಯುತ್ತದೆ. ಸುಗಮಾಡೆಕ್ಸ್ ಎಂಬ ಹೊಸ ಔಷಧವಂತೂ ರೊಕ್ಯುರೋನಿಯಂ ಅಣುವನ್ನು ಭರಣಿಯಲ್ಲಿಟ್ಟಂತೆ ತನ್ನೊಳಗೆ ಮುಚ್ಚಿಕೊಂಡು ಮೂತ್ರದೊಡನೆ ಹೊರಹೋಗುತ್ತದೆ. ವೈದ್ಯರ ಪ್ರಶ್ನೆಗಳೆಲ್ಲ ಬರ್ನಾರ್ಡ್ ತೆರೆದ ಹಾದಿಯಿಂದಲೇ ಬಂದವು.

ಆದರೆ ಈ ಜ್ಞಾನ ಬಿಟ್ಟಿಯಾಗಿ ಬಂದುದಲ್ಲ. ಕುರಾರೆ ನೋವನ್ನು ಕಳೆಯುವುದಿಲ್ಲ, ನೋವನ್ನು ತೋರಿಸುವ ಶಕ್ತಿಯನ್ನು ಮಾತ್ರ ಕಳೆಯುತ್ತದೆಂಬುದು ಬರ್ನಾರ್ಡನಿಗೇ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಆದರೂ ಅವನು ಜೀವಂತ ಪ್ರಾಣಿಗಳ ಮೇಲಿನ ಪ್ರಯೋಗವನ್ನು ನಿಲ್ಲಿಸಲಿಲ್ಲ. ಯಾರ ಹಣದಿಂದ ಅವನ ಪ್ರಯೋಗಗಳು ಮುಂದುವರಿದುವೋ ಆ ಪತ್ನಿಯೇ ಅವನ್ನು ಸಹಿಸದಾದಳು. 1870ರಲ್ಲಿ ದಂಪತಿಗಳು ಕಾನೂನುರೀತ್ಯಾ ಬೇರೆಯಾದರು. ಹೆಣ್ಣುಮಕ್ಕಳೂ ತಾಯಿಯ ಪಕ್ಷವನ್ನೇ ಹಿಡಿದರು. ಮನೆಯವರು ಅವಿವೇಕಿಗಳೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ಅಕ್ಕ ಸುಖವಾಗಿ ಎದ್ದು ಕುಳಿತುದನ್ನು ನೆನೆದರೆ ಬರ್ನಾರ್ಡನನ್ನು ದೂರಲೂ ನಾಲಗೆ ಏಳದು.

1878ರ ಫೆಬ್ರವರಿ 10ರಂದು ಅವನು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಫ್ರಾನ್ಸ್ ದೇಶವು ಅವನಿಗೆ ಸರಕಾರಿ ಗೌರವದ ಅಂತ್ಯಸಂಸ್ಕಾರವನ್ನು ನಡೆಸಿತು. ಅಲ್ಲಿ ಆ ಮರ್ಯಾದೆ ಪಡೆದ ಮೊದಲ ವಿಜ್ಞಾನಿ ಅವನೇ. ಅಂಗಡಿಯ ಲೇಹ್ಯವನ್ನು ಕಲಸುತ್ತಿದ್ದ ಹುಡುಗನಿಗೆ ಸಂದ ಈ ಗೌರವ ನಮ್ಮಂಥವರಿಗೆ ಉತ್ಸಾಹ ತರತಕ್ಕದ್ದೇ. ಆದರೆ ಇಂದು ಶಸ್ತ್ರಚಿಕಿತ್ಸೆಯ ಮೇಜಿನಿಂದ ನೋವಿಲ್ಲದೆ ಎದ್ದುಬರುವ ಪ್ರತಿಯೊಬ್ಬನೂ ಅವನಿಗೆಷ್ಟೋ, ತಿದಿಯ ಗಾಳಿಯಿಂದ ಉಸಿರಾಡಿದ ಆ ಮೂಕಪ್ರಾಣಿಗಳಿಗೂ ಅಷ್ಟೇ ಋಣಿ.