ಬಹಮನಿ ನಾಡಿನಲ್ಲಿ ಉಪವಾಸವಿದ್ದ ರಷ್ಯದ ವರ್ತಕ

ಒಂದು ದೇಶದ ಜನರೆಲ್ಲರನ್ನೂ ಒಂದೇ ದುರ್ಗುಣದಿಂದ ಗುರುತಿಸುವುದು ಲೋಕದ ಹಳೆಯ ಚಾಳಿ. ರಷ್ಯನ್ನರೆಂದರೆ ಮದ್ಯಪ್ರಿಯರೆಂಬ ಮಾತು ಹೀಗೆ ಹಬ್ಬಿದುದೇ. 12ನೆಯ ಶತಮಾನದ ಆರಂಭದಲ್ಲಿ ಕೀವ್ ನಗರದಲ್ಲಿ ಸಂಕಲಿತವಾದ ವೃತ್ತಾಂತಗ್ರಂಥವು, ರಾಜ ವ್ಲಾದಿಮಿರನು ಮತವನ್ನು ಆರಿಸಿಕೊಳ್ಳುವಾಗ, ಕುಡಿತವು ತನ್ನ ಜನರ ಸಂತೋಷವೆಂಬ ಕಾರಣದಿಂದ ಪಾನನಿಷೇಧವುಳ್ಳ ಮತವನ್ನು ಒಲ್ಲೆನೆಂದ ಕಥೆಯನ್ನು ಹೇಳುತ್ತದೆ. ಆದರೆ ಕನ್ನಡನಾಡಿನಲ್ಲಿ ಬಾಳಿಹೋದ ಒಬ್ಬ ರಷ್ಯನ್ನನ ಚರಿತ್ರೆಯು ಬೇರೊಂದು ಸಾಕ್ಷ್ಯವನ್ನು ನುಡಿಯುತ್ತದೆ. ಇಂದು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ವ್ಯಾಪಾರದ ಗದ್ದಲವನ್ನು ಬಿಟ್ಟು, ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಬೀದರಿಗೆ ಹೋಗುವವರುಂಟು. ಸುಮಾರು 550 ವರ್ಷಗಳ ಹಿಂದೆ ಈ ಎರಡು ನಗರಗಳ ನಡುವೆ ಸಂಚರಿಸಿದ ಆ ವರ್ತಕನ ಹೆಸರು ಅಫನಾಸಿ ನಿಕಿತಿನ್.

ನಿಕಿತಿನನು ವೋಲ್ಗಾ ನದೀತೀರದ ತ್ವೇರ್ ನಗರದವನು. 1460ರ ದಶಕದ ಉತ್ತರಾರ್ಧದಲ್ಲಿ ಸರಕು ತುಂಬಿಕೊಂಡು ನದೀಮಾರ್ಗವಾಗಿ ದಕ್ಷಿಣಕ್ಕೆ ಹೊರಟನು. ಅಸ್ತ್ರಾಖಾನದ ಬಳಿ ದರೋಡೆಯಾಗಿ ಸರಕಿನೊಡನೆ ಅವನ ಧರ್ಮಗ್ರಂಥಗಳೂ ಹೋದವು. ಬರಿಗೈಯಲ್ಲಿ ಊರಿಗೆ ಮರಳಲಾರದೆ ಪರ್ಷಿಯವನ್ನು ದಾಟಿ, ಹೊರ್ಮುಜ್ ಬಂದರಿನಿಂದ ಒಂದು ಕುದುರೆಯೊಡನೆ ಹಡಗನ್ನೇರಿ ಕೊಂಕಣದ ಚೌಲ್‌ನಲ್ಲಿ ಇಳಿದನು.

ಜುನ್ನಾರ್ ಪಟ್ಟಣದಲ್ಲಿ ಅವನಿಗೆ ಕಠಿಣ ಪರೀಕ್ಷೆಯೊದಗಿತು. ಅಲ್ಲಿಯ ಅಧಿಕಾರಿ ಅಸದ್ ಖಾನನು ಕುದುರೆಯನ್ನು ಕಿತ್ತುಕೊಂಡು, ಮತವನ್ನು ಬದಲಿಸಿದರೆ ಕುದುರೆಯೊಡನೆ ಸಾವಿರ ಹೊನ್ನು ಕೊಡುವುದಾಗಿಯೂ, ಇಲ್ಲವಾದರೆ ಕುದುರೆಯೂ ಹೋಗಿ ಸಾವಿರ ಹೊನ್ನು ದಂಡ ತೆರಬೇಕೆಂದೂ ವಿಧಿಸಿದನು. ಅವಧಿ ನಾಲ್ಕು ದಿನ. ಅವನಿಗಿದ್ದ ಆಸ್ತಿ ಆ ಕುದುರೆಯೊಂದೇ. ಆದರೂ ಅವನು ಒಪ್ಪಲಿಲ್ಲ. ಕಡೆಗೆ ಖೋಜಾ ಮಹಮ್ಮದನೆಂಬ ಖೊರಾಸಾನದ ಸಜ್ಜನನು ಮಧ್ಯಸ್ಥಿಕೆ ವಹಿಸಿ ಕುದುರೆಯನ್ನು ಬಿಡಿಸಿಕೊಟ್ಟನು.

ಅಲ್ಲಿಂದ ಅವನು ಮಹಮೂದ್ ಗವಾನನು ಮಂತ್ರಿಯಾಗಿದ್ದ ಬಹಮನಿ ರಾಜಧಾನಿ ಬೀದರಿಗೆ ಬಂದನು. ಕುದುರೆಯನ್ನು ಮಾರಿ, ಅಲ್ಲಿಯ ಜನರೊಡನೆ ಸ್ನೇಹ ಬೆಳೆಸಿ, ತಾನು ಕ್ರೈಸ್ತನೆಂದು ತಿಳಿಸಿದ ಮೇಲೆ ಅವರು ತಮ್ಮ ಊಟ, ಪೂಜೆಗಳನ್ನು ಅವನಿಂದ ಮರೆಮಾಡಲಿಲ್ಲ. ಅವರು ಮಾಂಸವನ್ನು ಮುಟ್ಟುವುದಿಲ್ಲ, ದಿನಕ್ಕೆ ಎರಡೇ ಸಲ ಉಣ್ಣುತ್ತಾರೆ, ರಾತ್ರಿ ಉಣ್ಣುವುದಿಲ್ಲ, ಮದ್ಯವನ್ನಾಗಲಿ ಜೇನಿನ ಪಾನಕವನ್ನಾಗಲಿ ಕುಡಿಯುವುದಿಲ್ಲ ಎಂದು ಅವನು ಬರೆದಿಟ್ಟನು. ಅವರನ್ನು ಅವನು ಹಿಂದೂಗಳೆಂದೇ ಕರೆದಿದ್ದರೂ, ಮದ್ಯ, ಮಾಂಸ, ಮಧುಗಳ ತ್ಯಾಗವನ್ನೂ ರಾತ್ರಿಭೋಜನತ್ಯಾಗವನ್ನೂ ಬಲ್ಲ ಶ್ರಾವಕರಿಗೆ ಈ ವರ್ಣನೆ ಅಪರಿಚಿತವಲ್ಲ. ಈ ದೇಶದಲ್ಲಿ ತೆಂಗಿನಿಂದ ಮದ್ಯ ಮಾಡುವುದನ್ನೂ ಅವನು ದಾಖಲಿಸಿದ್ದಾನೆ. ಅದೊಂದನ್ನೇ ಹಿಡಿದು ಭಾರತೀಯರೆಲ್ಲರೂ ಕುಡುಕರೆಂದು ಅವನು ಬರೆಯಲಿಲ್ಲ.

ಗ್ರಂಥಗಳನ್ನು ಕಳೆದುಕೊಂಡಿದ್ದ ಅವನಿಗೆ ತನ್ನ ಪರ್ವದಿನಗಳ ಲೆಕ್ಕ ತಪ್ಪಿತ್ತು. ಈಸ್ಟರ್ ಎಂದು ಬರುವುದೆಂದು ತಿಳಿಯದೆ ಅವನು ಕಣ್ಣೀರಿಟ್ಟನು. ಆದರೂ ಉಪವಾಸವನ್ನು ಬಿಡಲಿಲ್ಲ. ಒಂದು ವರ್ಷ ಮುಸಲ್ಮಾನರು ಉಪವಾಸ ತೊಡಗಿದಂದೇ ತಾನೂ ತೊಡಗಿ, ಒಂದು ತಿಂಗಳು ಮಾಂಸವನ್ನೂ ಜಿಡ್ಡಿನ ಆಹಾರವನ್ನೂ ತೊರೆದು, ದಿನಕ್ಕೆರಡು ಸಲ ರೊಟ್ಟಿ ಮತ್ತು ನೀರಿನಲ್ಲೇ ಕಳೆದು, ಬ್ರಹ್ಮಚರ್ಯವನ್ನೂ ಪಾಲಿಸಿದನು. ನೋಡುವ ಪುರೋಹಿತನಿಲ್ಲ, ನೆನಪಿಸುವ ಬಂಧುಗಳಿಲ್ಲ. ಆದರೂ ನಿಯಮ ನಡೆಯಿತು. ಮುಂದಿನ ಈಸ್ಟರನ್ನು ಅವನು ಆಚರಿಸಿದುದು ಕಲಬುರಗಿಯಲ್ಲಿ.

ಬಳಿಕ ಕಲಬುರಗಿ, ಆಳಂದಗಳ ಮೂಲಕ ದಾಭೋಳ್ ಬಂದರನ್ನು ಸೇರಿ ಸ್ವದೇಶದತ್ತ ಹೊರಟನು. ಆದರೆ ಸ್ಮೊಲೆನ್ಸ್ಕ್ ನಗರವನ್ನು ತಲುಪುವ ಮೊದಲೇ ತೀರಿಕೊಂಡನು. ಅವನ ಬರಹಗಳನ್ನು ವರ್ತಕರು 1475ರ ಸುಮಾರಿಗೆ ಮಾಸ್ಕೋಗೆ ಮುಟ್ಟಿಸಿದರು. ಮೂರು ಸಮುದ್ರಗಳಾಚೆಯ ಯಾತ್ರೆಯೆಂದು ಅವು ಪ್ರಸಿದ್ಧವಾದವು. 1955ರಲ್ಲಿ ತ್ವೇರ್ ನಗರದಲ್ಲಿ ಅವನ ಪ್ರತಿಮೆ ನಿಂತಿತು.

ಅವನ ದೇಶದಲ್ಲಿ ಮುಂದೆ ಮದ್ಯವು ರಾಜ್ಯದ ಬೊಕ್ಕಸದ ದೊಡ್ಡ ಆದಾಯವಾಯಿತು. 1858-59ರಲ್ಲಿ ಹಳ್ಳಿಹಳ್ಳಿಯ ರೈತರು ಒಟ್ಟಾಗಿ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದಾಗ, ಆದಾಯ ಕುಗ್ಗುವ ಭಯದಿಂದ ಸರ್ಕಾರವೇ ಆ ಚಳವಳಿಯನ್ನು ಹತ್ತಿಕ್ಕಿತು. ಕುಡಿತವು ಜನಾಂಗದ ಸ್ವಭಾವವಾಗಿದ್ದರೆ ಅಂಥ ಪ್ರತಿಜ್ಞೆಗಳು ಹುಟ್ಟುತ್ತಲೇ ಇರಲಿಲ್ಲ.

ದೇಶವು ಯಾರನ್ನೂ ಕುಡುಕನನ್ನಾಗಿ ಹುಟ್ಟಿಸುವುದಿಲ್ಲ. ಕುಲವು ಯಾರನ್ನೂ ವ್ರತಿಯನ್ನಾಗಿ ಹುಟ್ಟಿಸುವುದಿಲ್ಲ. ಜೈನಕುಲದಲ್ಲಿ ಜನಿಸಿದ ಮಾತ್ರಕ್ಕೆ ಮದ್ಯತ್ಯಾಗವು ಸಿದ್ಧಿಸಿತೆಂದು ನೆಮ್ಮದಿಯಿಂದಿರುವ ಮನೆಗಳು, ಪಂಚಾಂಗವೂ ಇಲ್ಲದ ಪರನಾಡಿನಲ್ಲಿ ತನ್ನ ನಿಯಮವನ್ನು ಉಳಿಸಿಕೊಂಡ ಈ ವರ್ತಕನನ್ನು ಒಮ್ಮೆ ನೆನೆಯಬೇಕು. ವ್ರತವನ್ನು ಪ್ರತಿಯೊಬ್ಬನೂ ತಾನೇ ಹಿಡಿಯಬೇಕು, ದಿನದಿನವೂ ತಾನೇ ಕಾಯಬೇಕು.